ಒಂದು ತಂಡದ ಅತ್ಯುತ್ತಮ ಡ್ರಾಫ್ಟ್ ವರ್ಷವನ್ನು ಅಳೆಯುವುದು ಹೇಗೆ? ಡೆಟ್ರಾಯ್ಟ್ ರೆಡ್ ವಿಂಗ್ಸ್ 1989: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹಾಕಿ ಎಂದರೆ ಐಸ್ ಹಾಕಿ, ಕೊಡಗಿನ ಮೈದಾನಗಳಲ್ಲಿ ಆಡುವ ಹಾಕಿಯಲ್ಲ. ಉತ್ತರ ಅಮೆರಿಕದ ಎನ್ಎಚ್ಎಲ್ ಲೀಗಿನಲ್ಲಿ ಯಾವ ತಂಡದ ಯಾವ ಡ್ರಾಫ್ಟ್ ದೊಡ್ಡದು ಎಂಬ ವಾದ ಎದ್ದಾಗಲೆಲ್ಲ ಡೆಟ್ರಾಯ್ಟ್ ರೆಡ್ ವಿಂಗ್ಸ್‌ನ 1989ರ ಪಟ್ಟಿ ಮುಂದೆ ಬರುತ್ತದೆ. ಆ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ಲೆಕ್ಕ ಹಾಕುವ ಕ್ರಮವನ್ನು ಇಲ್ಲಿ ವಿವರಿಸಿದ್ದೇವೆ. ಬೇರೆ ಹೇಳದಿದ್ದರೆ ಪಂದ್ಯಗಳ ಅಂಕಿಗಳೆಲ್ಲ ಲೀಗ್ ಹಂತದವು, ಪ್ಲೇಆಫ್ ಸೇರಿಲ್ಲ.

ಡ್ರಾಫ್ಟ್ ಎಂದರೆ ಐಪಿಎಲ್ ಹರಾಜಿನ ಹಾಗೆಯೇ?

ಅಲ್ಲ. ಹರಾಜಿನಲ್ಲಿ ಹಣ ಮುಖ್ಯ, ಡ್ರಾಫ್ಟ್‌ನಲ್ಲಿ ಸರದಿ ಮುಖ್ಯ. ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯಂತೆ ಒಬ್ಬೊಬ್ಬರಾಗಿ ಹೆಸರಿಸುತ್ತವೆ. ಹಿಂದಿನ ಸೀಸನ್‌ನಲ್ಲಿ ಕೆಳಗುಳಿದ ತಂಡಗಳಿಗೆ ಮುಂಚಿನ ಸರದಿ. ಈಗ ತೀರಾ ಮೇಲಿನ ಸ್ಥಾನಗಳಿಗೆ ಲಾಟರಿಯೂ ಇದೆ. ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಆಟಗಾರನನ್ನು ಪಡೆಯಬಹುದು, ಅದಕ್ಕೆ ಟ್ರೇಡ್ ಎನ್ನುತ್ತಾರೆ.

ಹೆಸರಿಸಿದ ತಂಡಕ್ಕೆ ಸಿಗುವುದು ಆ ಹುಡುಗನೊಂದಿಗೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಮಾತ್ರ. ಅವನು ಬರಲೇಬೇಕೆಂದಿಲ್ಲ. 2004ರಲ್ಲಿ ಫೀನಿಕ್ಸ್ ತಂಡ 5ನೇ ಸರದಿಯಲ್ಲಿ ಬ್ಲೇಕ್ ವೀಲರ್‌ನನ್ನು ಆರಿಸಿತು. ಆತ ಕಾಲೇಜು ಹಾಕಿ ಆಡಿ ಆ ಹಕ್ಕಿನ ಅವಧಿ ಮುಗಿಸಿಕೊಂಡು 2008ರಲ್ಲಿ ಬಾಸ್ಟನ್‌ಗೆ ಹೋದ. ಒಳ್ಳೆಯ ಆಟಗಾರನನ್ನು ಗುರುತಿಸುವುದು ಒಂದು ಕೆಲಸ, ಅವನನ್ನು ಕರೆತಂದು ಜರ್ಸಿ ತೊಡಿಸುವುದು ಇನ್ನೊಂದು. ಡ್ರಾಫ್ಟ್ ಅಳೆಯುವವರು ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಡ್ರಾಫ್ಟ್ ಕ್ಲಾಸ್‌ನಲ್ಲಿ ಯಾರನ್ನೆಲ್ಲ ಸೇರಿಸಬೇಕು?

ಆ ವರ್ಷ ಆ ತಂಡ ಹೆಸರಿಸಿದ ಪ್ರತಿಯೊಬ್ಬರನ್ನೂ. ಎನ್ಎಚ್ಎಲ್ ಮೆಟ್ಟಿಲು ಹತ್ತದವರನ್ನೂ ಬಿಡುವಂತಿಲ್ಲ. ಗೆದ್ದವರನ್ನಷ್ಟೇ ಎಣಿಸಿದರೆ 14 ಸರದಿ ಇದ್ದ ತಂಡಕ್ಕೂ 6 ಸರದಿ ಇದ್ದ ತಂಡಕ್ಕೂ ಒಂದೇ ತಕ್ಕಡಿ ಹಿಡಿದಂತಾಗುತ್ತದೆ. ಆ ಬೇಸಿಗೆಯಲ್ಲಿ ಟ್ರೇಡ್ ಮೂಲಕ ಬಂದವರು, ಡ್ರಾಫ್ಟ್ ಆಗದೆ ಫ್ರೀ ಏಜೆಂಟ್ (ಯಾವ ತಂಡದ ಹಕ್ಕಿಗೂ ಒಳಪಡದ ಆಟಗಾರ) ಆಗಿ ಸೇರಿದವರು ಈ ಲೆಕ್ಕಕ್ಕೆ ಬರುವುದಿಲ್ಲ.

1989ರಲ್ಲಿ ರೆಡ್ ವಿಂಗ್ಸ್ ಆರಿಸಿದ್ದು ಯಾರನ್ನು?

ಆ ಡ್ರಾಫ್ಟ್ ಜೂನ್ 17ರಂದು ಮಿನ್ನೆಸೋಟದ ಬ್ಲೂಮಿಂಗ್ಟನ್‌ನ ಮೆಟ್ ಸೆಂಟರ್‌ನಲ್ಲಿ ನಡೆಯಿತು. 21 ತಂಡ, 12 ಸುತ್ತು, 252 ಹೆಸರು. ಮೊದಲ ಸರದಿಯಲ್ಲಿ ಕ್ವಿಬೆಕ್ ತಂಡ ಸ್ವೀಡನ್ನಿನ ಮ್ಯಾಟ್ಸ್ ಸುಂಡಿನ್‌ನನ್ನು ಕರೆಯಿತು. ಯುರೋಪಿನಲ್ಲಿ ಬೆಳೆದ ಹುಡುಗನೊಬ್ಬ ಮೊದಲಿಗನಾಗಿ ಆಯ್ಕೆಯಾದದ್ದು ಅದೇ ಮೊದಲು. ಜಿಮ್ ಡೆವೆಲ್ಲಾನೊ ಜನರಲ್ ಮ್ಯಾನೇಜರ್ ಆಗಿದ್ದ ಡೆಟ್ರಾಯ್ಟ್‌ಗೆ 14 ಸರದಿಗಳಿದ್ದವು. ಅವುಗಳಲ್ಲಿ ಏಳು ಮಂದಿ ಎನ್ಎಚ್ಎಲ್‌ನಲ್ಲಿ ಆಡಿದರು:

- 11ನೇ ಸರದಿ: ಮೈಕ್ ಸಿಲಿಂಜರ್, ಸೆಂಟರ್, 1,049 ಪಂದ್ಯ
- 32ನೇ ಸರದಿ: ಬಾಬ್ ಬೂಗ್ನರ್, ಡಿಫೆಂಡರ್, 630 ಪಂದ್ಯ
- 53ನೇ ಸರದಿ: ನಿಕ್ಲಾಸ್ ಲಿಡ್‌ಸ್ಟ್ರೋಮ್, ಡಿಫೆಂಡರ್, 1,564 ಪಂದ್ಯ
- 74ನೇ ಸರದಿ: ಸೆರ್ಗೈ ಫೆಡೊರೊವ್, ಸೆಂಟರ್, 1,248 ಪಂದ್ಯ
- 95ನೇ ಸರದಿ: ಶಾನ್ ಮೆಕಾಶ್, ಫಾರ್ವರ್ಡ್, 9 ಪಂದ್ಯ
- 116ನೇ ಸರದಿ: ಡಲ್ಲಾಸ್ ಡ್ರೇಕ್, ಫಾರ್ವರ್ಡ್, 1,009 ಪಂದ್ಯ
- 221ನೇ ಸರದಿ: ವ್ಲಾದಿಮಿರ್ ಕಾನ್‌ಸ್ಟಾಂಟಿನೋವ್, ಡಿಫೆಂಡರ್, 446 ಪಂದ್ಯ

ಒಟ್ಟು 5,955 ಪಂದ್ಯ. ಉಳಿದ ಏಳು ಮಂದಿ ಒಂದೂ ಆಡಲಿಲ್ಲ. ಸಾವಿರ ಪಂದ್ಯ ದಾಟಿದವರು ನಾಲ್ವರು. ಹಾಲ್ ಆಫ್ ಫೇಮ್ ಸೇರಿದವರು ಇಬ್ಬರು, ಲಿಡ್‌ಸ್ಟ್ರೋಮ್ ಮತ್ತು ಫೆಡೊರೊವ್, ಇಬ್ಬರೂ 2015ರಲ್ಲೇ.

5,955 ಅಷ್ಟು ದೊಡ್ಡ ಸಂಖ್ಯೆಯಾದರೆ ವಾದ ಅಲ್ಲಿಗೇ ಮುಗಿಯಿತಲ್ಲ?

ಮುಗಿಯುವುದಿಲ್ಲ. ಒಟ್ಟು ಪಂದ್ಯಗಳ ಲೆಕ್ಕ ಸುಲಭ, ಎಲ್ಲರಿಗೂ ಸಿಗುವಂಥದ್ದು, ಮೊದಲ ಜರಡಿಯಾಗಿ ಒಳ್ಳೆಯದು. ಆದರೆ ಅದರಲ್ಲಿ ಮೂರು ದೋಷಗಳಿವೆ.

ಒಂದು, ಅದು ಆಟದ ಮಟ್ಟವನ್ನು ನೋಡುವುದಿಲ್ಲ. ಸಿಲಿಂಜರ್‌ನ 1,049 ಪಂದ್ಯ ಕಾನ್‌ಸ್ಟಾಂಟಿನೋವ್‌ನ 446ಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಸಿಲಿಂಜರ್ 12 ತಂಡಗಳನ್ನು ಸುತ್ತಿದ ದುಡಿಮೆಗಾರ, ಅದೇ ಒಂದು ದಾಖಲೆ; ಕಾನ್‌ಸ್ಟಾಂಟಿನೋವ್ ತನ್ನ ಕೊನೆಯ ಸೀಸನ್‌ನಲ್ಲಿ ಶ್ರೇಷ್ಠ ಡಿಫೆಂಡರ್‌ಗೆ ಕೊಡುವ ನಾರಿಸ್ ಟ್ರೋಫಿಯ ಮತದಾನದಲ್ಲಿ ಎರಡನೆಯವ.

ಎರಡು, ಆ ಪಂದ್ಯಗಳನ್ನು ಯಾವ ಜರ್ಸಿಯಲ್ಲಿ ಆಡಿದರು ಎಂಬುದು ಅದರಲ್ಲಿ ಕಾಣುವುದಿಲ್ಲ. ಬೂಗ್ನರ್ ಆಡಿದ 630ರಲ್ಲಿ ಒಂದೂ ಡೆಟ್ರಾಯ್ಟ್ ಪರವಾಗಿಲ್ಲ.

ಮೂರು, ಲೀಗ್ ದೊಡ್ಡದಾದಂತೆ ಕೆಲಸಗಳು ಹೆಚ್ಚಾದವು. 1989ರಲ್ಲಿ 21 ತಂಡಗಳಿದ್ದವು. 1991ರಿಂದ 1993ರೊಳಗೆ ಸ್ಯಾನ್ ಹೊಸೆ, ಒಟ್ಟಾವ, ಟ್ಯಾಂಪಾ, ಫ್ಲೋರಿಡಾ, ಅನಾಹೈಮ್ ಸೇರಿ 26 ಆದವು, 2000ಕ್ಕೆ 30. ಪ್ರತಿ ತಂಡ ಒಂದು ಪಂದ್ಯಕ್ಕೆ 20 ಮಂದಿಯನ್ನು ಇಳಿಸುತ್ತದೆ. ಅಂದರೆ ಹನ್ನೊಂದು ವರ್ಷದಲ್ಲಿ 420 ಜಾಗ 600 ಆಯಿತು. ಮೂರನೇ, ನಾಲ್ಕನೇ ಸಾಲಿನ ಆಟಗಾರರಿಗೆ ಇದರ ಲಾಭ ನೇರವಾಗಿ ಸಿಕ್ಕಿತು. 1979ರ ಪಟ್ಟಿಯನ್ನೂ 1989ರ ಪಟ್ಟಿಯನ್ನೂ ಬರೀ ಪಂದ್ಯಗಳಿಂದ ಹೋಲಿಸಿದರೆ ಹಳೆಯದಕ್ಕೆ ಅನ್ಯಾಯವಾಗುತ್ತದೆ.

ಹಾಗಾದರೆ ಲೆಕ್ಕ ಹಾಕುವ ಸರಿಯಾದ ಕ್ರಮ ಯಾವುದು?

ಒಂದು ಎಕ್ಸೆಲ್ ಶೀಟ್ ಸಾಕು. ಅಂಕಿಗಳು ಎನ್ಎಚ್ಎಲ್‌ನ ತಾಣದಲ್ಲೂ ಹಾಕಿ-ರೆಫರೆನ್ಸ್ ತಾಣದಲ್ಲೂ ಪುಕ್ಕಟೆ ಸಿಗುತ್ತವೆ.

1. ಆಯ್ಕೆಯಾದ ಎಲ್ಲರ ಹೆಸರು, ಸುತ್ತು, ಒಟ್ಟಾರೆ ಸರದಿ ಸಂಖ್ಯೆ, ಆಡುವ ಸ್ಥಾನ, ಹುಟ್ಟಿದ ದಿನಾಂಕ ಬರೆದುಕೊಳ್ಳಿ. ಆಡದವರ ಮುಂದೆ 0 ಹಾಕಿ, ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಸರಾಸರಿ ತೆಗೆಯುವಾಗ ಎಕ್ಸೆಲ್ ಅವರನ್ನು ಬಿಟ್ಟು ಎಣಿಸುತ್ತದೆ, ಫಲಿತಾಂಶ ಸುಳ್ಳಾಗಿ ಉಬ್ಬುತ್ತದೆ.
2. ಪಂದ್ಯಗಳಿಗೆ ಎರಡು ಕಾಲಂ ಮಾಡಿ: ಇಡೀ ವೃತ್ತಿಜೀವನದ್ದು ಒಂದು, ಆರಿಸಿದ ತಂಡದ ಪರ ಆಡಿದ್ದು ಇನ್ನೊಂದು.
3. ಆಟದ ಮಟ್ಟಕ್ಕೊಂದು ಕಾಲಂ. ತಂಡದ ಗಳಿಕೆಯಲ್ಲಿ ಆಟಗಾರನ ಪಾಲು ಎಷ್ಟೆಂದು ಅಂದಾಜಿಸುವ, ಹಾಕಿ-ರೆಫರೆನ್ಸ್ ಕೊಡುವ ಪಾಯಿಂಟ್ ಶೇರ್ ಎಂಬ ಅಳತೆಯನ್ನು ಬಳಸಬಹುದು. ಫಾರ್ವರ್ಡ್, ಡಿಫೆಂಡರ್, ಗೋಲಿ (ಗೋಲ್‌ಕೀಪರ್) ಮೂವರನ್ನೂ ಒಂದೇ ಮಾಪಕದಲ್ಲಿ ತರಲು ಅದು ನೆರವಾಗುತ್ತದೆ. ತಪ್ಪಿಲ್ಲದ ಅಳತೆಯೆಂದಲ್ಲ, ಎಲ್ಲ ಕಾಲಕ್ಕೂ ಸಿಗುವ ಅಳತೆಯೆಂದು.
4. ಪ್ರತಿ ಸರದಿಗೂ ‘ನಿರೀಕ್ಷಿತ’ ಮೌಲ್ಯ ಬರೆಯಿರಿ (ಮುಂದಿನ ಪ್ರಶ್ನೆ ನೋಡಿ), ಮೂರನೇ ಹಂತದ ಅಂಕಿಯಿಂದ ಅದನ್ನು ಕಳೆಯಿರಿ. ಉಳಿದದ್ದೇ ಆ ಆಯ್ಕೆಯ ಲಾಭ ಅಥವಾ ನಷ್ಟ.
5. ತಂಡ ಬಿಟ್ಟುಹೋದವರ ಮುಂದೆ, ಹೇಗೆ ಬಿಟ್ಟರು, ಬದಲಿಗೆ ಏನು ಬಂತು ಎಂದು ಬರೆಯಿರಿ.
6. ಕೊನೆಗೆ ಎರಡು ಬೇರೆ ಮೊತ್ತ ತೆಗೆಯಿರಿ: ಸ್ಕೌಟ್‌ಗಳ (ಆಟಗಾರರನ್ನು ಹುಡುಕಿ ಗುರುತಿಸುವವರ) ಕಣ್ಣಿನ ಬೆಲೆ (ಇಡೀ ವೃತ್ತಿಜೀವನದ ಲಾಭ), ತಂಡದ ಕೈಗೆ ಬಂದ ಬೆಲೆ (ಜರ್ಸಿಯ ಲಾಭ ಮತ್ತು ಟ್ರೇಡ್‌ನಿಂದ ಬಂದದ್ದು).

ಆ ಎರಡು ಮೊತ್ತಗಳನ್ನು ಎಂದೂ ಒಂದಾಗಿ ಕೂಡಿಸಬೇಡಿ. ಈ ವಿಷಯದಲ್ಲಿ ನಡೆಯುವ ಹೆಚ್ಚಿನ ಜಗಳಗಳಿಗೆ ಕಾರಣ, ಒಬ್ಬರು ಮೊದಲನೆಯ ಮೊತ್ತ ಹಿಡಿದು ಮಾತಾಡುತ್ತಿರುತ್ತಾರೆ, ಎದುರಿನವರು ಎರಡನೆಯದನ್ನು.

ಒಂದು ಸರದಿಯ ನಿರೀಕ್ಷಿತ ಮೌಲ್ಯ ಕಂಡುಹಿಡಿಯುವುದು ಹೇಗೆ?

ನೆರೆಹೊರೆಯವರನ್ನು ನೋಡಿ. 53ನೇ ಸರದಿಯ ಬೆಲೆ ಬೇಕಿದ್ದರೆ 48ರಿಂದ 58ರವರೆಗಿನ ಸರದಿಗಳನ್ನು ಹತ್ತು ವರ್ಷಗಳ ಡ್ರಾಫ್ಟ್‌ನಿಂದ, ಉದಾಹರಣೆಗೆ 1984ರಿಂದ 1993ರವರೆಗೆ, ತೆಗೆದುಕೊಳ್ಳಿ. 110 ಹೆಸರು ಸಿಗುತ್ತವೆ. ಅದರಲ್ಲಿ ನೀವು ಅಳೆಯುತ್ತಿರುವವನನ್ನು ತೆಗೆದುಹಾಕಿ. ಲಿಡ್‌ಸ್ಟ್ರೋಮ್‌ನನ್ನು ಒಳಗಿಟ್ಟುಕೊಂಡು ಲಿಡ್‌ಸ್ಟ್ರೋಮ್‌ನನ್ನು ಅಳೆದರೆ ಅಳತೆಗೋಲೇ ಬಾಗುತ್ತದೆ.

ಸರಾಸರಿ ಸಾಲದು, ಮಧ್ಯಾಂಕವನ್ನೂ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವುದು) ನೋಡಿ. ಒಬ್ಬಿಬ್ಬರ ಸಾವಿರ ಪಂದ್ಯಗಳು ಸರಾಸರಿಯನ್ನು ಮೇಲೆಳೆದುಬಿಡುತ್ತವೆ. ಹಿಂದಿನ ಸುತ್ತುಗಳಿಗೆ ಹೋದಂತೆ ಇನ್ನೊಂದು ತೊಡಕು: ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದೂ ಪಂದ್ಯ ಆಡಿರುವುದಿಲ್ಲ, ಹಾಗಾಗಿ ಮಧ್ಯಾಂಕ ಸೊನ್ನೆಯಾಗುತ್ತದೆ. ಅಂಥ ಕಡೆ ‘200 ಪಂದ್ಯ ದಾಟಿದವರು ನೂರಕ್ಕೆ ಎಷ್ಟು’ ಎಂದು ಕೇಳುವುದು ಹೆಚ್ಚು ಉಪಯುಕ್ತ. 200 ಎಂಬುದು ಈ ವಲಯದಲ್ಲಿ ರೂಢಿಗೆ ಬಂದಿರುವ ಗಡಿ. ಆಟಗಾರನೊಬ್ಬ ಲೀಗಿನಲ್ಲಿ ನೆಲೆ ನಿಂತ ಎನ್ನಲು ಅಷ್ಟು ಸಾಕು.

ಸರದಿಯ ಬೆಲೆ ಸಮನಾಗಿ ಇಳಿಯುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ. 1ರಿಂದ 5ಕ್ಕೆ ಬರುವಷ್ಟರಲ್ಲಿ ಕಡಿದಾಗಿ ಬೀಳುತ್ತದೆ, ಮೊದಲ ಸುತ್ತಿನ ಕೊನೆಗೆ ಇಳಿಜಾರು ಕಡಿಮೆಯಾಗುತ್ತದೆ, 100 ದಾಟಿದ ಮೇಲೆ ಬಹುಮಟ್ಟಿಗೆ ಸಪಾಟು. ಆದ್ದರಿಂದ 4ನೇ ಸರದಿಯಲ್ಲಿ ಒಬ್ಬ ತಾರೆ ಸಿಕ್ಕರೆ ತಂಡ ತನ್ನ ಬಾಕಿಯನ್ನು ವಸೂಲಿ ಮಾಡಿಕೊಂಡಿತು ಅಷ್ಟೇ. 221ರಲ್ಲಿ ಕಾನ್‌ಸ್ಟಾಂಟಿನೋವ್ ಸಿಕ್ಕರೆ ಅವನ ಪ್ರತಿ ಪಂದ್ಯವೂ ಲಾಭವೇ.

ಲಿಡ್‌ಸ್ಟ್ರೋಮ್, ಫೆಡೊರೊವ್ ಎಷ್ಟು ದೊಡ್ಡ ಆಟಗಾರರು?

ಲಿಡ್‌ಸ್ಟ್ರೋಮ್ 1991ರಿಂದ 2012ರವರೆಗೆ ಎನ್ಎಚ್ಎಲ್‌ನಲ್ಲಿ ಡೆಟ್ರಾಯ್ಟ್ ಬಿಟ್ಟು ಬೇರೆ ಜರ್ಸಿ ತೊಡಲಿಲ್ಲ. 264 ಗೋಲು, 878 ಅಸಿಸ್ಟ್ (ಗೋಲು ಹೊಡೆಯಲು ನೆರವಾದ ಪಾಸ್), ಎರಡೂ ಸೇರಿ 1,142 ಪಾಯಿಂಟ್. ನಾರಿಸ್ ಟ್ರೋಫಿ ಏಳು ಸಲ: 2001, 2002, 2003, 2006, 2007, 2008, 2011. 2002ರ ಪ್ಲೇಆಫ್‌ನ ಶ್ರೇಷ್ಠ ಆಟಗಾರನಾಗಿ ಕಾನ್ ಸ್ಮೈತ್ ಟ್ರೋಫಿ. ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ ನಾಲ್ಕು.

ಫೆಡೊರೊವ್ ಒಟ್ಟು 483 ಗೋಲು, 1,179 ಪಾಯಿಂಟ್ ಗಳಿಸಿದ. ಡೆಟ್ರಾಯ್ಟ್ ಪರ ಆಡಿದ್ದು 908 ಪಂದ್ಯ. 1994ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯನ್ನೂ ರಕ್ಷಣೆಯಲ್ಲಿ ಶ್ರೇಷ್ಠ ಫಾರ್ವರ್ಡ್‌ಗೆ ಕೊಡುವ ಸೆಲ್ಕಿ ಟ್ರೋಫಿಯನ್ನೂ ಒಟ್ಟಿಗೆ ಗೆದ್ದ. 1996ರಲ್ಲಿ ಮತ್ತೆ ಸೆಲ್ಕಿ. ಮುನ್ನುಗ್ಗುವುದರಲ್ಲೂ ತಡೆಯುವುದರಲ್ಲೂ ಒಂದೇ ವರ್ಷ ಲೀಗಿನ ತುದಿಯಲ್ಲಿದ್ದ ಸೆಂಟರ್ ನಾಲ್ಕನೇ ಸುತ್ತಿನಲ್ಲಿ ಸಿಕ್ಕದ್ದು ಈ ಪಟ್ಟಿಯ ಅತಿ ದೊಡ್ಡ ಬೆರಗು ಎಂಬುದು ನಮ್ಮ ಅಭಿಪ್ರಾಯ.

ಲಿಡ್‌ಸ್ಟ್ರೋಮ್, ಫೆಡೊರೊವ್, ಕಾನ್‌ಸ್ಟಾಂಟಿನೋವ್ ಮೂವರೇ ಡೆಟ್ರಾಯ್ಟ್‌ಗೆ ಕೊಟ್ಟದ್ದು 2,918 ಪಂದ್ಯ. 5,955ರಲ್ಲಿ ಅದು ಅರ್ಧದ ಹತ್ತಿರ.

ಟ್ರೇಡ್ ಆಗಿ ಹೋದವರನ್ನು ಲೆಕ್ಕಕ್ಕೆ ಹೇಗೆ ತೆಗೆದುಕೊಳ್ಳಬೇಕು?

ಅವರಿಗೆ ಬದಲಾಗಿ ಬಂದವರು ಏನು ಮಾಡಿದರೋ ಅಷ್ಟೇ ತಂಡದ ಗಳಿಕೆ. ಡ್ರೇಕ್‌ನನ್ನು 1994ರ ಮಾರ್ಚ್‌ನಲ್ಲಿ ಗೋಲಿ ಟಿಮ್ ಶೆವೆಲ್ಡೆ ಜೊತೆ ವಿನ್ನಿಪೆಗ್‌ಗೆ ಕೊಟ್ಟು ಗೋಲಿ ಬಾಬ್ ಎಸೆನ್ಸಾನನ್ನೂ ಸೆರ್ಗೈ ಬಾವ್ಟಿನ್‌ನನ್ನೂ ತಂದರು. ಆ ವಸಂತದಲ್ಲಿ ಡೆಟ್ರಾಯ್ಟ್ ಎಂಟನೇ ಶ್ರೇಯಾಂಕದ ಸ್ಯಾನ್ ಹೊಸೆಗೆ ಮೊದಲ ಸುತ್ತಿನಲ್ಲೇ ಏಳು ಪಂದ್ಯಗಳಲ್ಲಿ ಸೋತಿತು. ಸಿಲಿಂಜರ್ 1995ರ ಏಪ್ರಿಲ್‌ನಲ್ಲಿ ಅನಾಹೈಮ್‌ಗೆ ಹೋದ. ಬದಲಿಗೆ ಬಂದವರಲ್ಲಿ ಸ್ಟು ಗ್ರಿಮ್ಸನ್ ಮುಖ್ಯ, ಗೋಲು ಹೊಡೆಯುವುದಕ್ಕಿಂತ ಗುದ್ದಾಟಕ್ಕೆ ಹೆಸರಾದವ. ಒಟ್ಟಿನಲ್ಲಿ, 1,049 ಮತ್ತು 1,009 ಪಂದ್ಯದ ಇಬ್ಬರಿಂದ ಡೆಟ್ರಾಯ್ಟ್ ಪಡೆದದ್ದು ತೀರ ಕಡಿಮೆ. ಸ್ಕೌಟ್‌ಗಳ ಕಾಲಂನಲ್ಲಿ ಇಬ್ಬರಿಗೂ ಪೂರ್ಣ ಅಂಕ ಕೊಡಿ. ತಂಡದ ಕಾಲಂನಲ್ಲಿ ಬೇಡ.

ಟ್ರೇಡ್‌ನ ಲೆಕ್ಕ ಯಾವಾಗಲೂ ಇಷ್ಟು ಸುಲಭವಲ್ಲ. ಕ್ಯಾಲ್ಗರಿ 1984ರಲ್ಲಿ 117ನೇ ಸರದಿಯಲ್ಲಿ ಬ್ರೆಟ್ ಹಲ್‌ನನ್ನು ಆರಿಸಿತ್ತು. 1988ರ ಮಾರ್ಚ್‌ನಲ್ಲಿ ಅವನನ್ನು ಸೇಂಟ್ ಲೂಯಿಸ್‌ಗೆ ಕೊಟ್ಟು ಡಿಫೆಂಡರ್ ರಾಬ್ ರಾಮೇಜ್, ಗೋಲಿ ರಿಕ್ ವಾಮ್ಸ್‌ಲಿಯನ್ನು ತಂದಿತು. ಹಲ್ 741 ಗೋಲು ಹೊಡೆದು ನಿವೃತ್ತನಾದ. ಕ್ಯಾಲ್ಗರಿ ಮರುವರ್ಷವೇ, 1989ರಲ್ಲಿ, ತನ್ನ ಏಕೈಕ ಸ್ಟ್ಯಾನ್ಲಿ ಕಪ್ ಗೆದ್ದಿತು. ಇಂಥ ಟ್ರೇಡ್‌ಗೆ ಒಂದೇ ಅಂಕಿ ಕೊಡಲಾಗದು, ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ ಬರೆಯಬೇಕು. ಕ್ವಿಬೆಕ್ 1991ರಲ್ಲಿ ಮೊದಲ ಸರದಿಯಲ್ಲಿ ಆರಿಸಿದ ಎರಿಕ್ ಲಿಂಡ್ರೋಸ್ ಆ ತಂಡಕ್ಕೆ ಆಡಲು ಒಪ್ಪಲೇ ಇಲ್ಲ. ಜರ್ಸಿಯ ಕಾಲಂನಲ್ಲಿ ಅವನದು ಸೊನ್ನೆ. ಆದರೆ 1992ರಲ್ಲಿ ಫಿಲಡೆಲ್ಫಿಯಾ ಅವನಿಗಾಗಿ ಪೀಟರ್ ಫೋರ್ಸ್‌ಬರ್ಗ್ ಸೇರಿ ಹಲವು ಆಟಗಾರರನ್ನು, ಮೊದಲ ಸುತ್ತಿನ ಸರದಿಗಳನ್ನು, 1.5 ಕೋಟಿ ಡಾಲರನ್ನು ಕೊಟ್ಟಿತು. ಕ್ವಿಬೆಕ್ ತಂಡ ಕೊಲರಾಡೊಗೆ ಸ್ಥಳಾಂತರವಾಗಿ 1996ರಲ್ಲಿ ಕಪ್ ಗೆದ್ದಿತು. ಟ್ರೇಡ್ ಕಾಲಂ ಇಲ್ಲದ ಶೀಟ್‌ನಲ್ಲಿ ಇದು ವಿಫಲ ಆಯ್ಕೆಯಂತೆ ಕಾಣುತ್ತದೆ.

ಸರಪಳಿಯನ್ನು ಎಲ್ಲಿಗೆ ನಿಲ್ಲಿಸಬೇಕು ಎಂದು ಕೇಳುವವರಿದ್ದಾರೆ. ನಮ್ಮ ಸಲಹೆ ಒಂದೇ ಕೊಂಡಿ: ಕೊಟ್ಟವನಿಗೆ ಬದಲಾಗಿ ನೇರವಾಗಿ ಬಂದದ್ದು. ಅವರನ್ನು ಮತ್ತೆ ಟ್ರೇಡ್ ಮಾಡಿ ಬಂದದ್ದು ಮ್ಯಾನೇಜರನ ಕೌಶಲ, ಡ್ರಾಫ್ಟ್‌ನದಲ್ಲ.

ಡ್ರೇಕ್ 2007ರಲ್ಲಿ ಡೆಟ್ರಾಯ್ಟ್‌ಗೆ ವಾಪಸ್ ಬಂದು ಕಪ್ ಗೆದ್ದನಲ್ಲ, ಅದನ್ನು ಸೇರಿಸಬಹುದೆ?

ಸೇರಿಸಬಾರದು. ಆತ ಫ್ರೀ ಏಜೆಂಟ್ ಆಗಿ ಬಂದ. ಆ ಹಕ್ಕು 1989ರ ಸರದಿಯಿಂದ ಬಂದದ್ದಲ್ಲ. ಆದರೂ 2008ರಲ್ಲಿ ನಾಯಕ ಲಿಡ್‌ಸ್ಟ್ರೋಮ್ ಕಪ್ ಎತ್ತಿ ಮೊದಲು ಕೊಟ್ಟದ್ದು ಡ್ರೇಕ್ ಕೈಗೆ. ಹತ್ತೊಂಬತ್ತು ವರ್ಷದ ಹಿಂದೆ ಒಂದೇ ದಿನ ಒಂದೇ ತಂಡ ಕರೆದ ಇಬ್ಬರು ಅವರು.

ಕಾನ್‌ಸ್ಟಾಂಟಿನೋವ್‌ನ ವೃತ್ತಿಜೀವನ ಅರ್ಧಕ್ಕೆ ನಿಂತಿತು. ಅದನ್ನು ಹೇಗೆ ಅಳೆಯುವುದು?

1997ರ ಜೂನ್ 7ರಂದು ಡೆಟ್ರಾಯ್ಟ್ 42 ವರ್ಷಗಳ ನಂತರ ಕಪ್ ಗೆದ್ದಿತು. ಆರು ದಿನಗಳ ಬಳಿಕ, ಜೂನ್ 13ರಂದು, ಆತನಿದ್ದ ಲಿಮೊಸಿನ್ ಮರಕ್ಕೆ ಗುದ್ದಿತು. ತಲೆಗೆ ಬಿದ್ದ ಪೆಟ್ಟಿನಿಂದ ಆತ ಮತ್ತೆ ಆಡಲಾಗಲಿಲ್ಲ.

ಇಂಥ ಕಡೆ ಎರಡು ಪ್ರಶ್ನೆಗಳನ್ನು ಬಿಡಿಸಿಕೊಳ್ಳಬೇಕು. ಆಯ್ಕೆ ಸರಿಯಿತ್ತೆ? ಅದಕ್ಕೆ ಉತ್ತರ ಆಡಿದ ಆರು ಸೀಸನ್‌ಗಳಲ್ಲಿದೆ: ಒಟ್ಟು ಮೊತ್ತದ ಬದಲು ಸೀಸನ್‌ವಾರು ಸರಾಸರಿ ತೆಗೆಯಿರಿ, ಅದೇ ಕಾಲದ ಅಗ್ರ ಡಿಫೆಂಡರ್‌ಗಳ ಜೊತೆ ಹೋಲಿಸಿ. ಫಲ ಎಷ್ಟು ಸಿಕ್ಕಿತು? ಅದಕ್ಕೆ 446 ಎಂಬುದೇ ಉತ್ತರ, ಅದನ್ನು ಊಹೆಯಿಂದ ಬೆಳೆಸಬಾರದು. ‘ಅಪಘಾತವಾಗದಿದ್ದರೆ ಇನ್ನೂ 600 ಪಂದ್ಯ ಆಡುತ್ತಿದ್ದ’ ಎಂದು ಸೇರಿಸುವವರಿದ್ದಾರೆ. ಆಗ ಗಾಯದಿಂದ ನಿಂತ ಎಲ್ಲ ತಂಡಗಳ ಎಲ್ಲ ಹುಡುಗರಿಗೂ ಹಾಗೆಯೇ ಸೇರಿಸಬೇಕಾಗುತ್ತದೆ, ಲೆಕ್ಕಕ್ಕೆ ಬುಡವೇ ಇರುವುದಿಲ್ಲ.

ಪಾಯಿಂಟ್, ಪ್ಲಸ್-ಮೈನಸ್ ನೋಡಿದರೆ ಸಾಲದೆ?

ಪಾಯಿಂಟ್ ಎಂದರೆ ಗೋಲು ಮತ್ತು ಅಸಿಸ್ಟ್ ಕೂಡಿಸಿದ್ದು. ಕಾಲ ಬದಲಾದಂತೆ ಅದರ ಬೆಲೆ ಬದಲಾಗಿದೆ. 1981-82ರಲ್ಲಿ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಸರಾಸರಿ 8.03 ಗೋಲು ಬೀಳುತ್ತಿದ್ದವು, 2003-04ರಲ್ಲಿ 5.14. ಸರಿಪಡಿಸಲು ಆಟಗಾರನ ಪಾಯಿಂಟನ್ನು 6ರಿಂದ ಗುಣಿಸಿ ಆ ಸೀಸನ್‌ನ ಗೋಲು ಸರಾಸರಿಯಿಂದ ಭಾಗಿಸಿ. 1981-82ರ 100 ಪಾಯಿಂಟ್ ಆಗ ಸುಮಾರು 75ಕ್ಕೆ ಇಳಿಯುತ್ತದೆ, 2003-04ರ 100 ಸುಮಾರು 117ಕ್ಕೆ ಏರುತ್ತದೆ. ಎಂಬತ್ತರ ದಶಕದ ಎಡ್ಮಂಟನ್‌ನವರನ್ನು ಫೆಡೊರೊವ್ ಜೊತೆ ಹೋಲಿಸುವ ಮೊದಲು ಈ ಕೆಲಸ ಮಾಡಲೇಬೇಕು. ಸೀಸನ್ ಸೀಸನ್‌ಗೆ ಬೇರೆಬೇರೆಯಾಗಿ ಮಾಡಿ, ವೃತ್ತಿಜೀವನದ ಒಟ್ಟು ಮೊತ್ತಕ್ಕೆ ಒಮ್ಮೆಲೇ ಅಲ್ಲ.

ಪ್ಲಸ್-ಮೈನಸ್ (ಸ್ಥೂಲವಾಗಿ, ಆಟಗಾರ ಕಣದಲ್ಲಿದ್ದಾಗ ತಂಡ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದದ್ದು) ತಂಡದ ಬಲವನ್ನೇ ಹೆಚ್ಚಾಗಿ ತೋರಿಸುತ್ತದೆ. ಕಾನ್‌ಸ್ಟಾಂಟಿನೋವ್ 1995-96ರಲ್ಲಿ +60 ಗಳಿಸಿ ಲೀಗಿಗೇ ಮೊದಲಿಗನಾದ. ಆದರೆ ಡೆಟ್ರಾಯ್ಟ್ ಆ ವರ್ಷ 82ರಲ್ಲಿ 62 ಪಂದ್ಯ ಗೆದ್ದಿತ್ತು. ಆ ಅಂಕಿಯನ್ನು ಅದೇ ತಂಡದ ಉಳಿದ ಡಿಫೆಂಡರ್‌ಗಳ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಅರ್ಥವಿದೆ. ಗೋಲಿಗಳಿಗೆ ಇವೆರಡೂ ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ಆ ಸೀಸನ್‌ನ ಲೀಗ್ ಸರಾಸರಿಗಿಂತ ಸೇವ್ ಶೇಕಡಾವಾರು ಎಷ್ಟು ಮೇಲಿತ್ತು ಎಂದು ನೋಡಬೇಕು.

ಗೆದ್ದ ಕಪ್‌ಗಳನ್ನು ಎಣಿಸಬೇಕೆ?

ತಂಡದ ಕಾಲಂನಲ್ಲಿ ಟಿಪ್ಪಣಿಯಾಗಿ ಇಡಿ, ಅಂಕವಾಗಿ ಬೇಡ. ಡೆಟ್ರಾಯ್ಟ್‌ನ 1997, 1998, 2002ರ ಕಪ್‌ಗಳಿಗೆ 1983ರ ಪಟ್ಟಿಯ ಸ್ಟೀವ್ ಐಜರ್ಮನ್, 1994ರ ಪಟ್ಟಿಯ ತೋಮಸ್ ಹೋಲ್ಮ್‌ಸ್ಟ್ರೋಮ್ ಕೂಡ ಕಾರಣರು. ಒಂದೇ ಕಪ್ಪನ್ನು ಮೂರು ವರ್ಷದ ಡ್ರಾಫ್ಟ್‌ಗಳಿಗೂ ಜಮಾ ಮಾಡಿದಂತಾಗುತ್ತದೆ.

ಇದು ಅದೃಷ್ಟವೋ, ಕೌಶಲವೋ?

ಎರಡೂ ಇದೆ, ಆದರೆ ಯಾವ ಆಯ್ಕೆಯಲ್ಲಿ ಯಾವುದು ಎಂದು ಬಿಡಿಸಿ ಹೇಳಬಹುದು.

ಲಿಡ್‌ಸ್ಟ್ರೋಮ್‌ನನ್ನು ಡೆಟ್ರಾಯ್ಟ್ ತಾನೇ ಎರಡು ಸಲ ಬಿಟ್ಟಿತು, ಸಿಲಿಂಜರ್‌ಗೂ ಬೂಗ್ನರ್‌ಗೂ ಅವನಿಗಿಂತ ಮುಂಚೆ ಸರದಿ ಕೊಟ್ಟಿತು. ಏಳು ನಾರಿಸ್ ಗೆಲ್ಲುತ್ತಾನೆಂದು ಗೊತ್ತಿದ್ದವರು ಹಾಗೆ ಮಾಡುವುದಿಲ್ಲ. ಅವನು ಅಷ್ಟು ಎತ್ತರಕ್ಕೆ ಬೆಳೆದದ್ದು ಅದೃಷ್ಟ. ಆದರೆ ಸ್ವೀಡನ್ನಿನ ವೆಸ್ಟೆರೋಸ್‌ನಲ್ಲಿ ಆಡುತ್ತಿದ್ದ, ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ಹುಡುಗನನ್ನು ಡೆಟ್ರಾಯ್ಟ್‌ನ ಯುರೋಪಿಯನ್ ಸ್ಕೌಟ್ ಕ್ರಿಸ್ಟರ್ ರಾಕ್‌ಸ್ಟ್ರೋಮ್ ಗುರುತಿಸಿ ಮೇಲಿನವರಿಗೆ ಒತ್ತಿ ಹೇಳಿದ್ದು ಕೌಶಲ.

ಫೆಡೊರೊವ್ ಮತ್ತು ಕಾನ್‌ಸ್ಟಾಂಟಿನೋವ್ ವಿಷಯ ಬೇರೆ. ಇಬ್ಬರೂ ಮಾಸ್ಕೋದ ಸಿಎಸ್‌ಕೆಎ, ಅಂದರೆ ಸೋವಿಯತ್ ಸೇನೆಯ ತಂಡದವರು. ಅವರ ಆಟವನ್ನು ಎಲ್ಲರೂ ನೋಡಿದ್ದರು. ಬೆಲೆ ಇಳಿದದ್ದು ಪ್ರತಿಭೆಯ ಸಂಶಯದಿಂದಲ್ಲ, ಅವರು ಬರುತ್ತಾರೋ ಇಲ್ಲವೋ ಎಂಬ ಸಂಶಯದಿಂದ. ಆದರೆ ಆ ಕೆಲವು ತಿಂಗಳಲ್ಲಿ ಪರಿಸ್ಥಿತಿ ಬದಲಾಗುತ್ತಿತ್ತು. 1989ರ ಮಾರ್ಚ್‌ನಲ್ಲಿ ಸೆರ್ಗೈ ಪ್ರಿಯಾಕಿನ್ ಸೋವಿಯತ್ ಅನುಮತಿಯೊಂದಿಗೇ ಕ್ಯಾಲ್ಗರಿಗೆ ಬಂದ. ಮೇ ತಿಂಗಳಲ್ಲಿ ಅಲೆಕ್ಸಾಂಡರ್ ಮೊಗಿಲ್ನಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮುಗಿಯುತ್ತಿದ್ದಂತೆ ತಂಡ ಬಿಟ್ಟು ಬಫೆಲೊ ಸೇರಿದ. ಜೂನ್‌ನಲ್ಲಿ ಡ್ರಾಫ್ಟ್. ಬರುವ ಸಾಧ್ಯತೆ ಏರಿತ್ತು, ಸರದಿಯ ಬೆಲೆ ಇನ್ನೂ ಹಳೆಯದೇ ಇತ್ತು. ಆ ಅಂತರವನ್ನು ಡೆಟ್ರಾಯ್ಟ್ ಬಳಸಿಕೊಂಡಿತು. 1990ರ ಜುಲೈಯಲ್ಲಿ ಗುಡ್‌ವಿಲ್ ಗೇಮ್ಸ್‌ಗೆಂದು ಅಮೆರಿಕಕ್ಕೆ ಬಂದ ಫೆಡೊರೊವ್ ಸೋವಿಯತ್ ತಂಡವನ್ನು ತೊರೆದು ಡೆಟ್ರಾಯ್ಟ್ ಸೇರಿದ, ಮೊದಲ ಸೀಸನ್‌ನಲ್ಲೇ 79 ಪಾಯಿಂಟ್ ಗಳಿಸಿದ. ಕಾನ್‌ಸ್ಟಾಂಟಿನೋವ್ 1991ರಲ್ಲಿ ಬಂದ. ಈ ಎರಡು ಆಯ್ಕೆಗಳನ್ನು ನಾವು ಕೌಶಲದ ಕಡೆಗೇ ಹಾಕುತ್ತೇವೆ.

ಮೂರು ಸರದಿಗಳ ಅಂತರವನ್ನೂ ಗಮನಿಸಿ: ವ್ಯಾಂಕೂವರ್ 113ರಲ್ಲಿ ಇನ್ನೊಬ್ಬ ಸೋವಿಯತ್ ಆಟಗಾರ ಪಾವೆಲ್ ಬುರೆಯನ್ನು ಕರೆಯಿತು, ಡೆಟ್ರಾಯ್ಟ್ 116ರಲ್ಲಿ ಡ್ರೇಕ್‌ನನ್ನು. ಬುರೆಗೆ ಆ ಸುತ್ತಿನಲ್ಲಿ ಆಯ್ಕೆಯಾಗುವ ಅರ್ಹತೆ ಇದೆಯೇ ಎಂಬ ಬಗ್ಗೆ ತಂಡಗಳಲ್ಲಿ ಗೊಂದಲವಿತ್ತು, ಲೀಗ್ ಒಮ್ಮೆ ಆ ಆಯ್ಕೆಯನ್ನು ರದ್ದು ಮಾಡಿ 1990ರಲ್ಲಿ ಮತ್ತೆ ಮಾನ್ಯ ಮಾಡಿತು. ನಿಯಮ ಪುಸ್ತಕವನ್ನು ಎದುರಾಳಿಗಿಂತ ಚೆನ್ನಾಗಿ ಓದಿಕೊಂಡಿರುವುದೂ ಡ್ರಾಫ್ಟ್ ಕೆಲಸವೇ.

ಡೆಟ್ರಾಯ್ಟ್‌ನದೇ 1983ರ ಪಟ್ಟಿ ಇದಕ್ಕಿಂತ ದೊಡ್ಡದಲ್ಲವೆ?

ಗಂಭೀರವಾಗಿ ಪರಿಗಣಿಸಬೇಕಾದ ಒಂದೇ ಪ್ರತಿಸ್ಪರ್ಧಿ ಅದು. 4ನೇ ಸರದಿಯಲ್ಲಿ ಐಜರ್ಮನ್: 1,514 ಪಂದ್ಯ, 1,755 ಪಾಯಿಂಟ್, ಎಲ್ಲವೂ ಡೆಟ್ರಾಯ್ಟ್‌ನಲ್ಲೇ, ನಾಯಕನಾಗಿ ಮೂರು ಕಪ್. ಜೊತೆಗೆ 46ರಲ್ಲಿ ಬಾಬ್ ಪ್ರೋಬರ್ಟ್, 86ರಲ್ಲಿ ಚೆಕೊಸ್ಲೊವಾಕಿಯಾದ ಪೆಟ್ರ್ ಕ್ಲೀಮಾ, 88ರಲ್ಲಿ ಜೋಯಿ ಕೋಸರ್. ಮುಳುಗುತ್ತಿದ್ದ ತಂಡವನ್ನು ಎತ್ತಿದ ಪಟ್ಟಿಯದು. ತಂಡದ ಚರಿತ್ರೆಯ ತಿರುವು ಯಾವುದು ಎಂದು ಕೇಳಿದರೆ 1983 ಎನ್ನಬಹುದು.

ಆದರೆ ಪ್ರಶ್ನೆ ಸರದಿಯಿಂದ ಬಂದ ಲಾಭದ್ದು. ಐಜರ್ಮನ್ 4ನೇ ಸರದಿಯವನು. ಅಲ್ಲಿ ತಾರೆ ಸಿಗಬೇಕೆಂಬ ನಿರೀಕ್ಷೆ ಮೊದಲೇ ಇದೆ. ಅವನ ಮೌಲ್ಯದಿಂದ ದೊಡ್ಡ ಮೊತ್ತವೊಂದು ಕಳೆದುಹೋಗುತ್ತದೆ. ಲಿಡ್‌ಸ್ಟ್ರೋಮ್, ಫೆಡೊರೊವ್, ಕಾನ್‌ಸ್ಟಾಂಟಿನೋವ್ ಮೂವರಿಂದ ಕಳೆಯಬೇಕಾದದ್ದು ಒಟ್ಟು ಸೇರಿದರೂ ಅದಕ್ಕಿಂತ ಕಡಿಮೆ. ಆದ್ದರಿಂದ ನಮ್ಮ ತೀರ್ಪು 1989.

ಬೇರೆ ತಂಡಗಳಲ್ಲಿ ಇದಕ್ಕೆ ಸಮನಾದದ್ದು ಇದೆಯೆ?

ಎಡ್ಮಂಟನ್ ಆಯಿಲರ್ಸ್ 1979. ಆ ವರ್ಷವೇ ಲೀಗ್ ಸೇರಿದ ತಂಡ, ಕೈಯಲ್ಲಿದ್ದದ್ದು ಆರೇ ಸರದಿ, ಮೊದಲನೆಯದು 21ನೆಯದು. 21ರಲ್ಲಿ ಕೆವಿನ್ ಲೋ, 48ರಲ್ಲಿ ಮಾರ್ಕ್ ಮೆಸಿಯೆ, 69ರಲ್ಲಿ ಗ್ಲೆನ್ ಆಂಡರ್ಸನ್. ಮೂವರೂ ಹಾಲ್ ಆಫ್ ಫೇಮ್ ಸೇರಿದರು, ಮೂವರೂ ಎಡ್ಮಂಟನ್‌ನ ಐದೂ ಕಪ್ ತಂಡಗಳಲ್ಲಿದ್ದರು. ಮೂವರ ಒಟ್ಟು ಪಂದ್ಯ 4,139. ಸರದಿಯೊಂದಕ್ಕೆ ಸಿಕ್ಕ ಫಲ ಎಂದು ಭಾಗಿಸಿದರೆ ಎಡ್ಮಂಟನ್ ಮುಂದು: ಆರರಲ್ಲಿ ಮೂವರು ಹಾಲ್ ಆಫ್ ಫೇಮ್‌ನವರು, ಡೆಟ್ರಾಯ್ಟ್‌ನದು ಹದಿನಾಲ್ಕರಲ್ಲಿ ಇಬ್ಬರೇ. ಒಟ್ಟು ಆಳ ನೋಡಿದರೆ ಡೆಟ್ರಾಯ್ಟ್ ಮುಂದು. ತಂಡದ ಕೈಗೆ ಬಂದ ಬೆಲೆಯಲ್ಲಿ ಎಡ್ಮಂಟನ್‌ಗೆ, ಸ್ಕೌಟ್‌ಗಳ ಕಣ್ಣಿನಲ್ಲಿ ಡೆಟ್ರಾಯ್ಟ್‌ಗೆ ನಾವು ಅಂಕ ಕೊಡುತ್ತೇವೆ.

ಮಾಂಟ್ರಿಯಲ್ 1984 ಕೂಡ ಮೇಲ್ಮಟ್ಟದ್ದು: 5ರಲ್ಲಿ ಪೆಟ್ರ್ ಸ್ವೊಬೊಡಾ, 8ರಲ್ಲಿ ಶೇನ್ ಕಾರ್ಸನ್, 29ರಲ್ಲಿ ಸ್ಟೆಫಾನ್ ರಿಶೆ, 51ರಲ್ಲಿ ಗೋಲಿ ಪ್ಯಾಟ್ರಿಕ್ ರುವಾ. ಈಚಿನವುಗಳಲ್ಲಿ ಡಲ್ಲಾಸ್ 2017ರ ಮೇಲೆ ಕಣ್ಣಿಡಿ: 3ರಲ್ಲಿ ಮಿರೊ ಹೈಸ್ಕನೆನ್, 26ರಲ್ಲಿ ಗೋಲಿ ಜೇಕ್ ಓಟಿಂಜರ್, 39ರಲ್ಲಿ ಜೇಸನ್ ರಾಬರ್ಟ್‌ಸನ್. ಡಿಫೆಂಡರ್, ಗೋಲಿ, ಫಾರ್ವರ್ಡ್ ಮೂರೂ ಒಂದೇ ವರ್ಷ ಸಿಗುವುದು ಅಪರೂಪ.

ಕೈಬಿಟ್ಟ ಆಟಗಾರರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆ?

ಮಿತಿಯೊಳಗೆ. ಬಾಸ್ಟನ್‌ಗೆ 2015ರಲ್ಲಿ 13, 14, 15 ಸಾಲಾಗಿ ಮೂರು ಸರದಿಗಳಿದ್ದವು. ಯಾಕುಬ್ ಝ್ಬೊರಿಲ್, ಜೇಕ್ ಡಿಬ್ರಸ್ಕ್, ಝಾಕರಿ ಸೆನಿಶಿನ್ ಅವರನ್ನು ಕರೆಯಿತು. ಅದರ ಬೆನ್ನಿಗೇ 16, 17, 18ರಲ್ಲಿ ಹೋದವರು ಮ್ಯಾಥ್ಯೂ ಬಾರ್ಝಲ್, ಕೈಲ್ ಕಾನರ್, ಥಾಮಸ್ ಶಬೋ. ಮುಂದಿನ ಐದಾರು ಸರದಿಯೊಳಗೆ ಹೋದವರನ್ನು ಹೋಲಿಸುವುದು ನ್ಯಾಯ. ಸ್ಕೌಟ್‌ಗಳ ಪಟ್ಟಿಯಲ್ಲಿ ಅವರೂ ಅದೇ ಎತ್ತರದಲ್ಲಿದ್ದಿರಬೇಕು. 200ನೇ ಸರದಿಯವನನ್ನು ತೋರಿಸಿ ‘ಇವನನ್ನು ಯಾಕೆ ಬಿಟ್ಟಿರಿ’ ಎನ್ನುವುದರಲ್ಲಿ ಹುರುಳಿಲ್ಲ, ಅವನನ್ನು ಎಲ್ಲ ತಂಡಗಳೂ ಬಿಟ್ಟಿದ್ದವು.

ತೀರ್ಪು ಕೊಡಲು ಎಷ್ಟು ವರ್ಷ ಕಾಯಬೇಕು?

ಐದು ವರ್ಷಕ್ಕೆ ಮೊದಲ ಅಂದಾಜು, ಹತ್ತು ವರ್ಷಕ್ಕೆ ನಂಬಬಹುದಾದ ಲೆಕ್ಕ. ಡಿಫೆಂಡರ್‌ಗಳೂ ಗೋಲಿಗಳೂ ಫಾರ್ವರ್ಡ್‌ಗಳಿಗಿಂತ ನಿಧಾನವಾಗಿ ಮಾಗುತ್ತಾರೆ. ಲಿಡ್‌ಸ್ಟ್ರೋಮ್ ಮೊದಲ ನಾರಿಸ್ ಗೆದ್ದದ್ದು ಡ್ರಾಫ್ಟ್ ಆದ 12 ವರ್ಷಕ್ಕೆ. ರಷ್ಯಾದಲ್ಲಿ ಒಪ್ಪಂದವಿರುವವರಿಗೆ ಇನ್ನೂ ಸಮಯ ಬೇಕು: ಮಿನ್ನೆಸೋಟ 2015ರಲ್ಲಿ 135ನೇ ಸರದಿಯಲ್ಲಿ ಆರಿಸಿದ ಕಿರಿಲ್ ಕಪ್ರಿಜೊವ್ ತಂಡ ಸೇರಿದ್ದು 2020ರಲ್ಲಿ. ಮೂರನೇ ವರ್ಷಕ್ಕೆ ಅಂಕ ಕೊಟ್ಟವರ ಶೀಟ್‌ನಲ್ಲಿ ಅವನು ಸೊನ್ನೆಯಾಗಿದ್ದ.

ಇವತ್ತು 1989ರಂಥದ್ದು ಮತ್ತೆ ಆಗಬಹುದೆ?

ಅದೇ ರೀತಿಯಲ್ಲಿ ಆಗುವುದು ಕಷ್ಟ. 2005ರಿಂದ ಏಳೇ ಸುತ್ತುಗಳಿವೆ. 32 ತಂಡಗಳಾದ ಮೇಲೆ ಒಟ್ಟು ಸುಮಾರು 224 ಹೆಸರು. ತಂಡವೊಂದಕ್ಕೆ 14 ಸರದಿ ಕೂಡಿಸಿಕೊಳ್ಳುವುದೇ ದೊಡ್ಡ ಕೆಲಸ. ಸ್ವೀಡನ್, ಫಿನ್ಲೆಂಡ್, ಚೆಕಿಯಾದ ಜೂನಿಯರ್ ಪಂದ್ಯಗಳ ವಿಡಿಯೊ ಎಲ್ಲ ತಂಡಗಳಿಗೂ ಸಿಗುತ್ತದೆ, ಬಚ್ಚಿಟ್ಟ ಹುಡುಗರು ಕಡಿಮೆ. ಆದರೂ ಟ್ಯಾಂಪಾ 2011ರಲ್ಲಿ 58ರಲ್ಲಿ ನಿಕಿತಾ ಕುಚೆರೊವ್‌ನನ್ನು, 208ರಲ್ಲಿ ಓಂಡ್ರೆ ಪಲಾಟ್‌ನನ್ನು ಹಿಡಿಯಿತು.

ಹೊಸ ಕಾಲದ ಪಟ್ಟಿಗಳಿಗೆ ನಿಮ್ಮ ಶೀಟ್‌ನಲ್ಲಿ ಇನ್ನೊಂದು ಕಾಲಂ ಸೇರಿಸಿ: ಸಂಬಳ. 2005-06ರಿಂದ ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳಕ್ಕೆ ಮಿತಿ) ಇದೆ, ಹದಿಹರೆಯದಲ್ಲಿ ಸಹಿ ಹಾಕಿದವರ ಮೊದಲ ಒಪ್ಪಂದ ಮೂರು ವರ್ಷದ್ದು, ಅದರ ಮೊತ್ತಕ್ಕೆ ಲೀಗೇ ಮಿತಿ ಹಾಕಿದೆ. ಆ ಮೂರು ವರ್ಷಗಳಲ್ಲಿ ಚೆನ್ನಾಗಿ ಆಡಿದ ಹುಡುಗ ತಂಡಕ್ಕೆ ಉಳಿಸಿಕೊಡುವ ಹಣದಲ್ಲಿ ಇನ್ನೊಬ್ಬ ಅನುಭವಿ ಬರುತ್ತಾನೆ. 1989ರ ಪಟ್ಟಿಗೆ ಈ ಕಾಲಂ ಖಾಲಿ ಬಿಡಿ, ಆಗ ಕ್ಯಾಪ್ ಇರಲಿಲ್ಲ. ಹಾಗಾಗಿ 2005ರ ಹಿಂದಿನ ಮತ್ತು ಮುಂದಿನ ಪಟ್ಟಿಗಳನ್ನು ಹೋಲಿಸುವಾಗ ಸಂಬಳದ ಲಾಭವನ್ನು ಒಟ್ಟು ಮೊತ್ತಕ್ಕೆ ಸೇರಿಸದೆ ಪಕ್ಕಕ್ಕಿಟ್ಟುಕೊಳ್ಳಿ.